ಅರ್ಧ ಬಿಸಿಲು, ಅರ್ಧ ನೆರಳು

ಅದಿರಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು, "ಮೇಡಂ, ನೀವು ಲ್ಯಾಬ್ ಇನ್‌ಚಾರ್ಜ್ ಆಗಾಕ ಎಷ್ಟ ವರ್ಷ ಹಿಡೀತ್ರಿ?" ನನಗಿಂತ ಮೇಲಿದ್ದ ಇಬ್ಬರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋಗಲು ಎಷ್ಟು ವರ್ಷ ಹಿಡಿಯಿತೋ ಅಷ್ಟು ವರ್ಷ. ಅದರಲ್ಲಿ ನನ್ನ ಪ್ರತಾಪವೇನೂ ಇಲ್ಲ, ನೀವು ಕಲಿಯುವಂಥದ್ದೂ ಇಲ್ಲ. ಕಲಿಯುವಂಥದ್ದು ಏನಾದರೂ ಇದ್ದರೆ ಅದು ನಾನು ಕೆಡಿಸಿದ ಕೆಲಸಗಳಲ್ಲಿದೆ. ಅವಕ್ಕೆ ಕೊರತೆಯಿಲ್ಲದ್ದರಿಂದ ಅವನ್ನೇ ಬರೆಯುತ್ತೇನೆ.

ನಮ್ಮ ಕೆಲಸವೇನೆಂದು ನನ್ನ ಅತ್ತೆಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದೆ. ತಲೆದೂಗುತ್ತ ಎಲ್ಲವನ್ನೂ ಕೇಳಿಸಿಕೊಂಡ ಅವರು ಪಕ್ಕದ ಮನೆಯವರಿಗೆ ಹೇಳಿದ್ದು, "ನಮ್ಮ ಸೊಸಿ ಮಣ್ಣ ಹುರಿತಾಳ್ರಿ." ಅಷ್ಟು ಚೆಂದದ ವಿವರಣೆಯನ್ನು ಆಮೇಲೆ ಯಾವ ವಿಜ್ಞಾನಿಯ ಬಾಯಿಂದಲೂ ನಾನು ಕೇಳಲಿಲ್ಲ. ಗಣಿಯವರು ಒಳ್ಳೆಯ ಅದಿರನ್ನು ಸಾಗಿಸಿ, ಕಬ್ಬಿಣ ಕಡಿಮೆ ಮಣ್ಣು ಹೆಚ್ಚು ಇರುವ ಬಡ ಅದಿರನ್ನು ಗುಡ್ಡೆ ಹಾಕಿ ಬಿಟ್ಟಿರುತ್ತಾರೆ. ಅದರೊಳಗಿನ ಕಬ್ಬಿಣ ಕೆಂಪು ರೂಪದಲ್ಲಿರುತ್ತದೆ. ಅಯಸ್ಕಾಂತ ಹಿಡಿದರೆ ತಿರುಗಿಯೂ ನೋಡುವುದಿಲ್ಲ. ಅದೇ ಪುಡಿಗೆ ಕಟ್ಟಿಗೆ ಹೊಟ್ಟನ್ನೋ ಭತ್ತದ ಹೊಟ್ಟನ್ನೋ ಕಬ್ಬಿನ ಸಿಪ್ಪೆಯನ್ನೋ ಬೆರೆಸಿ, ಮೂಸೆಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ ಹುರಿದರೆ, ಒಳಗೆ ಕಮರುವ ಹೊಟ್ಟು ಅದಿರಿನಲ್ಲಿರುವ ಆಮ್ಲಜನಕವನ್ನು ಸ್ವಲ್ಪ ಕಿತ್ತುಕೊಳ್ಳುತ್ತದೆ. ಕೆಂಪು ಪುಡಿ ಕಪ್ಪಾಗುತ್ತದೆ. ಕಪ್ಪಾದ ಕಬ್ಬಿಣ ಅಯಸ್ಕಾಂತಕ್ಕೆ ತಾನಾಗಿ ಬಂದು ಅಂಟುತ್ತದೆ, ಮಣ್ಣು ಮರಳು ಇದ್ದಲ್ಲೇ ಉಳಿಯುತ್ತದೆ. ಕಲ್ಲಿದ್ದಲಿನಿಂದಲೂ ಇದನ್ನು ಮಾಡಬಹುದು. ಆದರೆ ಕಲ್ಲಿದ್ದಲು ಎಲ್ಲಿಂದಲೋ ಬರಬೇಕು. ಹೊಟ್ಟು ಸಿಪ್ಪೆ ಎಂದರೆ ಖಾನಾಪುರದ ಕಟ್ಟಿಗೆ ಮಿಲ್ಲು, ಅಕ್ಕಿ ಗಿರಣಿಗಳ ಹಿತ್ತಿಲಲ್ಲಿ "ಒಯ್ಯಿರಿ" ಎಂದು ಬಿದ್ದಿರುತ್ತಿದ್ದವು.

ನಮ್ಮ ಪ್ರಯೋಗಶಾಲೆ ಇದ್ದದ್ದು ಆಟೋ ನಗರದಲ್ಲಿ. ಎಡಕ್ಕೆ ಲಾರಿಯ ಸ್ಪ್ರಿಂಗ್ ಪಾಟಾ ಬಡಿಯುವವನು, ಬಲಕ್ಕೆ ಗಾಡಿಗಳಿಗೆ ಬಣ್ಣ ಹೊಡೆಯುವವನು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಕ ನೋಡಬೇಕೆಂದರೆ ಪಕ್ಕದವನು ಬೀಡಿ ಹಚ್ಚಲಿ ಎಂದು ಕಾಯಬೇಕಿತ್ತು. ಅವನ ಸುತ್ತಿಗೆ ನಿಂತಿತೆಂದರೆ ನನ್ನ ಮುಳ್ಳು ನಿಂತಿತು. ಅವನು ಬೀಡಿ ಬಿಟ್ಟ ವರ್ಷ ನನ್ನ ಕೆಲಸ ಅರ್ಧಕ್ಕೆ ಇಳಿಯಿತು ಎಂದರೆ ಈಗಿನವರು ನಂಬುವುದಿಲ್ಲ.

ಭಟ್ಟಿ ನೋಡಿಕೊಳ್ಳುತ್ತಿದ್ದವರು ದಸ್ತಗೀರಸಾಬರು. ಹುಡುಗಾಟದ ವಯಸ್ಸಿನಿಂದ ಫೌಂಡ್ರಿಗಳಲ್ಲಿ ಬೆಂಕಿಯೆದುರು ನಿಂತು ಬಂದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ನನಗೆ ರಸಾಯನಶಾಸ್ತ್ರದ ಡಿಗ್ರಿ ಇತ್ತು, ಅವರಿಗೆ ಒಂದು ಹಳೆಯ ಲೌಡ್‌ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಇತ್ತು. ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ಹುರಿದ ಪುಡಿಯ ಮೇಲೆ ಆಡಿಸಿ ಎತ್ತುತ್ತಿದ್ದರು. ಪುಡಿ ಸರಿಯಾಗಿ ಹುರಿದಿದ್ದರೆ ಅಯಸ್ಕಾಂತದ ಕೆಳಗೆ ಕಪ್ಪು ಗಡ್ಡ ಜೋತು ಬೀಳುತ್ತಿತ್ತು. ಅದನ್ನು ತಮ್ಮ ಗಡ್ಡದ ಪಕ್ಕ ಹಿಡಿದು, "ನನ್ನಕಿಂತ ಉದ್ದ ಐತಿ, ಪಾಸ್" ಎಂದೋ, "ಇದು ಇನ್ನೂ ಸಾಲಿಗೆ ಹೋಗೂ ಹುಡುಗನ ಗಡ್ಡ, ಫೇಲ್" ಎಂದೋ ತೀರ್ಪು ಕೊಡುತ್ತಿದ್ದರು. ನಾನು ಆಮ್ಲ ಹಾಕಿ, ಬಣ್ಣ ತಿರುಗಿಸಿ, ಸಂಜೆಯವರೆಗೆ ಲೆಕ್ಕ ಮಾಡಿದ ಮೇಲೂ ಉತ್ತರ ಅದೇ ಬರುತ್ತಿತ್ತು. ಇದರ ಬಗ್ಗೆ ನನಗೆ ಬಹಳ ದಿನ ಸಿಟ್ಟಿತ್ತು.

ಮೊದಲ ತಿಂಗಳಲ್ಲೇ ನನ್ನ ಡಿಗ್ರಿಯ ಬೆಲೆ ಗೊತ್ತಾಯಿತು. ಹುರಿದ ಮೂಸೆಯನ್ನು ಭಟ್ಟಿಯಿಂದ ತೆಗೆದು ಚಾಚಾ ಚಹಾ ಕುಡಿಯಲು ಹೋಗಿದ್ದರು. ನನಗೆ ತಾಳ್ಮೆ ಎಲ್ಲಿ? ಇಕ್ಕಳದಿಂದ ಮುಚ್ಚಳ ತೆಗೆದೆ. ಒಳಗೆ ಕಾಡಿಗೆಯಂಥ ಕಪ್ಪು ಪುಡಿ. ಖುಷಿಯಿಂದ ತಟ್ಟೆಗೆ ಸುರಿದು ಹರಡಿದೆ. ನೋಡುತ್ತಿದ್ದಂತೆಯೇ ಪುಡಿ ಅಂಚಿನಿಂದ ಕೆಂಪಾಗತೊಡಗಿತು. ಬಿಸಿ ಪುಡಿಗೆ ಗಾಳಿ ತಾಗಿ, ಕಷ್ಟಪಟ್ಟು ಬಿಡಿಸಿದ ಆಮ್ಲಜನಕವನ್ನು ಅದು ಮತ್ತೆ ಮೈಗೆ ಹಚ್ಚಿಕೊಳ್ಳುತ್ತಿತ್ತು. ಚಾಚಾ ಬಂದು ನೋಡಿ ಬೈಯಲಿಲ್ಲ. "ಬಾಯಾರ, ಹಸಿ ಬಾಣಂತಿ ಕೋಲಿ ಬಾಗಲಾ ತಗೀತಾರೇನ್ರಿ? ತಣ್ಣಗಾಗೂ ಮಟಾ ಮುಚ್ಚಿ ಇಡಬೇಕ್ರಿ" ಎಂದರು. ಪುಸ್ತಕದಲ್ಲಿ ಇದೇ ಮಾತು ಎರಡು ಪುಟ ಇತ್ತು. ನಾನು ಓದಿಯೂ ಇದ್ದೆ. ಆದರೆ ಆ ಬಾಣಂತಿ ಕೋಣೆ ನೆನಪಿಗೆ ಬಂದ ಮೇಲೆ ಬಿಸಿ ಮೂಸೆಯನ್ನು ಎಂದೂ ತೆರೆಯಲಿಲ್ಲ.

ಇನ್ನೊಂದು ಗೇರು ಸಿಪ್ಪೆಯ ಪ್ರಸಂಗ. ಕಟ್ಟಿಗೆ ಹೊಟ್ಟಿನಿಂದ ಆಗುವುದಾದರೆ ಗೇರು ಸಿಪ್ಪೆಯಿಂದ ಏಕಾಗಬಾರದು ಎಂದು ನನಗೆ ಹೊಳೆಯಿತು. ಖಾನಾಪುರದ ಕಾಜು ಕಾರ್ಖಾನೆಯೊಂದರಿಂದ ಒಂದು ಚೀಲ ತರಿಸಿದೆ. ಗೇರು ಸಿಪ್ಪೆಯಲ್ಲಿ ಎಣ್ಣೆ ಇರುತ್ತದೆ ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಅದನ್ನು ಕಚ್ಚಿ ತುಟಿ ಸುಟ್ಟುಕೊಂಡಿರುತ್ತಾರೆ. ಭಟ್ಟಿ ಕಾವೇರಿದಂತೆ ಮೂಸೆಯ ಸಂದಿಯಿಂದ ಹೊರಟ ಹೊಗೆ ದಪ್ಪಗೆ, ಹಳದಿಗೆ ತಿರುಗಿ, ಗೋಡೆ ದಾಟಿ ಬಣ್ಣದ ಅಂಗಡಿಗೆ ಹೋಯಿತು. ಅಲ್ಲಿ ಮದುವೆಯ ಬಾಡಿಗೆಗೆ ಓಡುವ ಒಂದು ವ್ಯಾನು ಆಗಷ್ಟೇ ಹಾಲಿನಂಥ ಬಿಳಿ ಬಣ್ಣ ಹೊಡೆಸಿಕೊಂಡು ಒಣಗುತ್ತ ನಿಂತಿತ್ತು. ಪೇಂಟರ್ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತು, "ಬಾಯಾರ, ನಾ ಬಿಳೇದ ಹಚ್ಚೇನಿ, ನೀವು ಮ್ಯಾಲ ಕರಿ ಎಳ್ಳ ಉದುರಸೀರಿ. ಈಗ ಇದನ್ನ ಮದಿವಿಗಿ ಕಳಸಲ್ಯೋ, ಎಳ್ಳು-ನೀರಿಗಿ ಕಳಸಲ್ಯೋ?" ಎಂದ. ಆ ವ್ಯಾನನ್ನು ಮತ್ತೆ ಉಜ್ಜಿ ಕೊಡುವಾಗ ನಾನೂ ಚಾಚಾನೂ ಅವನಿಗೆ ಒಂದು ದಿನ ಪೂರ್ತಿ ಕೈಜೋಡಿಸಿದೆವು.

ಈಗ ನಮ್ಮ ಸಾಹೇಬರ ಪರಿಚಯ. ನಾಡಗೌಡ ಸಾಹೇಬರು ಪ್ರಯೋಗಶಾಲೆಯ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ಬುದ್ಧಿವಂತ. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲಿ ಇಲ್ಲ ಎಂಬುದು ಅವರ ನಂಬಿಕೆ. ಒಮ್ಮೆ ಭಟ್ಟಿಗೆ ಹೊಸ ಇಟ್ಟಿಗೆ ಕಟ್ಟಿ ಮೊದಲ ಸಲ ಬೆಂಕಿ ಹಾಕುವ ದಿನ ಚಾಚಾ ಅದರ ಬಾಯಿಯ ಮೇಲೆ ಒಂದು ನಿಂಬೆಹಣ್ಣು ಇಟ್ಟಿದ್ದರು. ಫೌಂಡ್ರಿಯ ಹಳೆಯ ರೂಢಿ. ಸಾಹೇಬರು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ದಸ್ತಗೀರಸಾಬ್, ಇದು ಪ್ರಯೋಗಶಾಲಿ. ನಿಂಬಿಹಣ್ಣಿನ ಮ್ಯಾಲ ಭಟ್ಟಿ ನಡಿಯೂದಾದ್ರ ಪದ್ಮಾವತಿ ಮೇಡಂಗ ಪಗಾರ ಯಾಕ ಕೊಡಬೇಕ್ರಿ?" ಎಂದು ನನ್ನತ್ತ ಕೈ ತೋರಿಸಿದರು. ಎಲ್ಲರೂ ನಕ್ಕರು. ನಿಂಬೆಹಣ್ಣು ಪಾನಕವಾಗಿ ಎಲ್ಲರಿಗೂ ಹಂಚಿಕೆಯಾಯಿತು. ಚಾಚಾ ಕೂಡ ತಮ್ಮ ಲೋಟ ಖಾಲಿ ಮಾಡಿ, "ಸಕ್ರಿ ಕಡಿಮಿ ಆತ್ರಿ" ಎಂದಷ್ಟೇ ಹೇಳಿದರು. ನಾನು ಮಾತ್ರ ಆ ದಿನ ಒಂದು ಪಾಠ ಕಲಿತೆ, ಅದೂ ತಪ್ಪು ಪಾಠ. ಪ್ರಯೋಗಶಾಲೆಯಲ್ಲಿ ಮನೆಯ ರೂಢಿ ಕಾಣಿಸಬಾರದು, ಕಂಡರೆ ಪಾನಕವಾಗುತ್ತದೆ ಎಂದು.

ಏಕೆಂದರೆ ನನ್ನದೂ ಒಂದು ನಿಂಬೆಹಣ್ಣು ಇತ್ತು. ನಮ್ಮದು ಜೈನರ ಮನೆ. ನಮ್ಮವ್ವ ಒಲೆಗೆ ಸಗಣಿ ಕುಳ್ಳು ಹಾಕುವಾಗ ಒಂದೊಂದನ್ನೂ ನೆಲಕ್ಕೆ ತಟ್ಟಿ, ಹುಳ ಉದುರಿದ ಮೇಲೆ ಬೆಂಕಿಗೆ ಒಡ್ಡುತ್ತಿದ್ದಳು. ಹಾಗೆ ಬೆಳೆದವಳ ಮುಂದೆ ಮಿಲ್ಲಿನಿಂದ ಬಂದ ಹೊಟ್ಟಿನ ಚೀಲ ಬಿಚ್ಚಿದರೆ ಅದರಲ್ಲಿ ಗೆದ್ದಲು, ನುಸಿ, ಇರುವೆ, ಒಮ್ಮೊಮ್ಮೆ ಮೊಟ್ಟೆ ಹೊತ್ತ ಜೇಡ. ಇವುಗಳ ಸಮೇತ ಮೂಸೆಗೆ ಹಾಕಿ ಮುಚ್ಚಳ ಬಿಗಿಯಲು ನನ್ನ ಕೈ ಬರಲಿಲ್ಲ. ಅದಕ್ಕೆ ಸಾಹೇಬರು ಬರುವುದಕ್ಕಿಂತ ಎರಡು ತಾಸು ಮೊದಲೇ ಬಂದು, ಹಿಂದಿನ ಅಂಗಳದ ಬೇವಿನ ಮರದ ಕೆಳಗೆ ಒಂದು ಬಿಳಿ ಚಾದರ ಹಾಸಿ, ಹೊಟ್ಟನ್ನು ತೆಳ್ಳಗೆ ಹರಡುತ್ತಿದ್ದೆ. ಅರ್ಧ ಚಾದರ ಬಿಸಿಲಿಗೆ, ಅರ್ಧ ನೆರಳಿಗೆ. ಹೊಟ್ಟೆಲ್ಲ ಬಿಸಿಲಿನ ಬದಿಗೆ, ನೆರಳಿನ ಬದಿ ಖಾಲಿ. ಬಿಸಿಲು ಕಾದಂತೆ ಹುಳಗಳು ಒಂದೊಂದಾಗಿ ನೆರಳಿಗೆ ಹೊರಡುತ್ತಿದ್ದವು. ಅಲ್ಲಿಂದ ಬೇವಿನ ಬುಡಕ್ಕೆ. ಉಳಿದ ಹೊಟ್ಟನ್ನು ಮೆಲ್ಲಗೆ ಜರಡಿ ಹಿಡಿದು, ಆಮೇಲೆ ತೂಕ ಮಾಡಿ, ಡಬ್ಬಿಗೆ ತುಂಬಿ ಚಾಚಾ ಕೈಗೆ ಕೊಡುತ್ತಿದ್ದೆ. ಮಳೆಗಾಲದಲ್ಲಿ ಭಟ್ಟಿಯ ಹಿಂದಿನ ಬೆಚ್ಚಗಿನ ಕಟ್ಟೆಯೇ ಬಿಸಿಲು, ಅದರ ಪಕ್ಕದ ತಣ್ಣನೆಯ ನೆಲವೇ ನೆರಳು.

ಈ ಗುಟ್ಟು ಗೊತ್ತಿದ್ದವರು ಚಾಚಾ ಒಬ್ಬರೇ. ಅವರೂ ಬೇಗ ಬಂದು ಚಾದರದ ಇನ್ನೊಂದು ತುದಿ ಹಿಡಿಯುತ್ತಿದ್ದರು. "ಇವತ್ತ ಎಷ್ಟ ಮಂದಿ ಊರ ಬಿಟ್ರು ಬಾಯಾರ?" ಎಂದು ದಿನಾ ಕೇಳುವರು. ಒಂದು ಜೇಡ ಹೊರಡಲು ತಡ ಮಾಡಿದರೆ, "ಅಕೀ ಸಾಮಾನ ಕಟ್ಟಾಕ ಹತ್ಯಾಳ, ಅವಸರ ಮಾಡಬ್ಯಾಡ್ರಿ" ಎನ್ನುವರು. ಸಾಹೇಬರು ಎಂದಾದರೂ ಬೇಗ ಬಂದು "ಹೊಟ್ಟ ತಯಾರಿಲ್ಲೇನು?" ಎಂದರೆ ನಾನು, "ತಕ್ಕಡಿ ಒರಸಾಕ ಹತ್ತೇನ್ರಿ ಸರ್" ಎನ್ನುತ್ತಿದ್ದೆ. ಬೆಳಗಾವಿಯಲ್ಲಿ ಅಷ್ಟು ಒರೆಸಿಕೊಂಡ ತಕ್ಕಡಿ ಇನ್ನೊಂದಿರಲಿಕ್ಕಿಲ್ಲ.

ಹೀಗೆ ವರ್ಷಗಳು ಹೋದವು. ನಮ್ಮ ಹೊಟ್ಟಿನ ವಿಧಾನ ಚೆನ್ನಾಗಿ ಪಳಗಿತು. ಖಾನಾಪುರದ ಕಡೆಯ ಒಬ್ಬ ಮಾಲಕರು ತಮ್ಮ ಹಳೆಯ ಅದಿರಿನ ಗುಡ್ಡೆಗೆ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಲು ಮುಂದಾದರು. ಮೂಸೆಯ ಬದಲು ತಿರುಗುವ ಡ್ರಮ್ಮು, ಲೌಡ್‌ಸ್ಪೀಕರಿನ ಬದಲು ದೊಡ್ಡ ಅಯಸ್ಕಾಂತದ ಉರುಳೆ. ಭಟ್ಟಿ ಮೇಸ್ತ್ರಿಯಾಗಿ ದಸ್ತಗೀರಸಾಬರು ಹೋಗಬೇಕೆಂದಾಯಿತು. ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. "ಇಷ್ಟ ವರ್ಷ ಬೆಂಕಿ ಮುಂದ ನಿಂತೇನಿ. ಭಟ್ಟಿ ಕೆಡಸಿದಾ ಅಂತ ಯಾರೂ ಅಂದಿಲ್ಲ. ಇದೊಂದ ಚಲೋ ನಡದ್ರ, ಸಲಾಮ ಮಾಡಿ ಮನಿಗಿ ಹೋಗ್ತೇನ್ರಿ" ಎಂದರು. ಅವರಿಗೆ ಬೇಕಿದ್ದದ್ದು ಅಷ್ಟೇ, ಆ ಒಂದು ಹೆಸರು.

ಅಲ್ಲಿಯವರಿಗಾಗಿ ವಿಧಾನವನ್ನು ಬರೆದು ಕೊಡುವ ಕೆಲಸ ನನ್ನದು. ಸಾಹೇಬರ ಅಪ್ಪಣೆ: "ಯಾರರೇ ಓದಿದ್ರ ಅವರ ಕೈಲಿಂದ ಆಗಬೇಕು, ಹಂಗ ಬರೀರಿ." ಒಂದೊಂದೇ ಹಂತ ಬರೆಯುತ್ತ ಬಂದೆ. ಹತ್ತು ಪಾಲು ಅದಿರಿಗೆ ಒಂದು ಪಾಲು ಒಣ ಕಟ್ಟಿಗೆ ಹೊಟ್ಟು. ಅಲ್ಲಿ ಪೆನ್ನು ನಿಂತಿತು. ಚಾದರ, ಬಿಸಿಲು, ನೆರಳು, ಜರಡಿ ಇವನ್ನು ಬರೆಯಬೇಕೇ? ಬರೆದರೆ ಸಾಹೇಬರು "ಇದ್ಯಾಕ?" ಎನ್ನುತ್ತಾರೆ. ಹುಳಕ್ಕೆ ಎಂದರೆ ಪಾನಕ. ಹುಳ ಬಿಡುವುದು ನನ್ನ ಮನೆಯ ರೂಢಿ, ಅದು ವಿಧಾನದ ಭಾಗವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಹಂತ ಬರೆದೆ. ಕೆಳಗೆ ಸಹಿ ಹಾಕಿದೆ.

ಕೆಲವು ವಾರಗಳ ನಂತರ ಖಾನಾಪುರದಿಂದ ಚಾಚಾ ಫೋನು ಮಾಡಿದರು. "ಗಡ್ಡ ಬರವಲ್ದ್ರಿ ಬಾಯಾರ." ಮೊದಲು ತಮಾಷೆ ಎಂದುಕೊಂಡೆ. ಧ್ವನಿ ಕೇಳಿದ ಮೇಲೆ ಅಲ್ಲ ಎಂದು ಗೊತ್ತಾಯಿತು. ಡ್ರಮ್ಮಿನಿಂದ ಬರುವ ಪುಡಿ ಒಮ್ಮೆ ಅರೆಗೆಂಪು, ಒಮ್ಮೆ ಕಂದು, ಅಲ್ಲಲ್ಲಿ ಉಂಡೆ ಉಂಡೆ. ಅಯಸ್ಕಾಂತಕ್ಕೆ ಅಂಟುವುದು ಚಿಟಿಕೆಯಷ್ಟು. ಮಾಲಕರು ಸಾಹೇಬರಿಗೆ ಖಾರವಾಗಿ ಪತ್ರ ಬರೆದಿದ್ದರು. ಮರುದಿನ ಸಾಹೇಬರೂ ನಾನೂ ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಸಾಹೇಬರು ನನ್ನ ಹಾಳೆಯನ್ನು ಓದಿದರು. "ಹಾಳ್ಯಾಗ ಏನೂ ತಪ್ಪಿಲ್ಲ ಪದ್ಮಾವತಿ," ಎಂದು ಮೆಚ್ಚಿಕೊಂಡರು. ನನಗೆ ಹೆಮ್ಮೆಯೂ ಆಯಿತು. ನಾಚಿಕೆಗೆಟ್ಟ ಹೆಮ್ಮೆ.

ಅಲ್ಲಿ ಹೋಗಿ ಸಾಹೇಬರು ಕೆಂಪು ಪೆನ್ನು ಹಿಡಿದು ಒಂದೊಂದು ಹಂತವನ್ನೂ ಓದಿದರು, ಚಾಚಾ ಒಂದೊಂದಕ್ಕೂ "ಮಾಡೇನ್ರಿ" ಎಂದರು. ಅದಿರು ಪುಡಿ ಮಾಡಿದ್ದೀರಾ? ಮಾಡೇನ್ರಿ. ಹತ್ತಕ್ಕೆ ಒಂದು ತೂಗಿದ್ದೀರಾ? ತೂಗೇನ್ರಿ. ಮುಚ್ಚಿಯೇ ತಣಿಸಿದ್ದೀರಾ? "ಅದನ್ನ ನಾನ ಬಾಯಾರಿಗಿ ಕಲಿಸೇನ್ರಿ," ಎಂದರು ಚಾಚಾ. ಹಾಳೆ ಮುಗಿಯಿತು. ಹಾಳೆ ಸರಿಯಿದೆ, ಕೆಲಸ ಕೆಟ್ಟಿದೆ ಎಂದ ಮೇಲೆ ಸಾಹೇಬರಿಗೆ ಉಳಿದದ್ದು ಕೆಲಸ ಮಾಡಿದ ಮನುಷ್ಯ. ಅವರು ಪೆನ್ನು ಮುಚ್ಚಿ, "ವಯಸ್ಸಾತು ದಸ್ತಗೀರಸಾಬ್. ಬೆಂಕಿ ಮ್ಯಾಲ ಗಮನ ಉಳದಿಲ್ಲ," ಎಂದರು. ಚಾಚಾ ತಲೆಯ ಮೇಲಿನ ಟೋಪಿ ತೆಗೆದು, ಹಣೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

ನನಗೆ ಅಲ್ಲಿ ನಿಲ್ಲಲಾಗದೆ ಹೊಟ್ಟಿನ ಶೆಡ್ಡಿನತ್ತ ನಡೆದೆ. ಅಲ್ಲಿ ಹೊಟ್ಟು ತುಂಬಿಕೊಡುತ್ತಿದ್ದವಳು ಶೇವಂತಾಬಾಯಿ, ಕಣಕುಂಬಿ ಕಡೆಯವಳು, ಮನೆಮಾತು ಮರಾಠಿ. "ಕಾಯ್ ಝಾಲಂ, ಏನಾತ್ರಿ ಅಕ್ಕಾರ? ಮಾರಿ ಯಾಕ ಸಣ್ಣ ಆಗೇತಿ?" ಎಂದು ಕೇಳಿದಳು. ಹೊಟ್ಟು ನೋಡಬೇಕು ಎಂದೆ. ಆಳೆತ್ತರದ ರಾಶಿ. ಮೇಲೆ ಕೈಯಾಡಿಸಿದರೆ ಗರಿಗರಿ ಒಣಗಿತ್ತು. "ಮ್ಯಾಲ ಒಣಾ ಐತ್ರಿ," ಎಂದು ಅವಳು ನಕ್ಕಳು, "ನಮ್ಮ ಕಡೀ ಮಳಿ ಒಳಗ ಹೊಕ್ಕರ ಬ್ಯಾಸಗಿಗೂ ಹೊರಗ ಬರಂಗಿಲ್ಲ." ನಾನು ಮೊಣಕೈವರೆಗೆ ಕೈ ತೂರಿಸಿದೆ. ಒಳಗೆ ಬೆಚ್ಚಗೆ, ತೇವ. ಕೈ ಹೊರತೆಗೆದಾಗ ಬಳೆಯ ಮೇಲೆ ಒಂದು ಪುಟ್ಟ ಬಿಳಿ ಹುಳ ಹತ್ತಿ ಕುಳಿತಿತ್ತು.

ಆ ಹುಳವನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತೆನೋ. ನಮ್ಮ ಅಂಗಳದಲ್ಲಿ ಎರಡು ತಾಸು ಬಿಸಿಲು ಕಾಯುತ್ತಿದ್ದದ್ದು ಹುಳಗಳಷ್ಟೇ ಅಲ್ಲ, ಹೊಟ್ಟೂ ಕಾಯುತ್ತಿತ್ತು. ಜರಡಿಯಲ್ಲಿ ಉಂಡೆ ಒಡೆಯುತ್ತಿತ್ತು. ಅದೆಲ್ಲ ಆದ ಮೇಲೆಯೇ ನಾನು ತೂಗುತ್ತಿದ್ದೆ. ಹತ್ತಕ್ಕೆ ಒಂದು ಎಂಬ ನನ್ನ ಲೆಕ್ಕ ಆ ಒಣಗಿದ ಹೊಟ್ಟಿನ ಲೆಕ್ಕ. ಇಲ್ಲಿ ತೂಗಿದ ಒಂದು ಪಾಲಿನಲ್ಲಿ ಎಷ್ಟೋ ಭಾಗ ನೀರು. ಹೊಟ್ಟೂ ಕಡಿಮೆ, ಆ ನೀರು ಆರುವಷ್ಟರಲ್ಲಿ ಬೆಂಕಿಯ ಕಾವೂ ಕಡಿಮೆ. ಹುಳಕ್ಕೆಂದು ಮಾಡುತ್ತಿದ್ದ ಕೆಲಸವೇ ನಮ್ಮ ವಿಧಾನದ ಮೊದಲ ಹಂತವಾಗಿತ್ತು, ಅದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಬೇಕೆಂದೇ ಬಿಟ್ಟು ಬರೆದದ್ದು ತಪ್ಪು.

ಈಗ ನೀವು ನನ್ನನ್ನು ಹೊಗಳಲು ತಯಾರಾಗಿದ್ದರೆ ಸ್ವಲ್ಪ ತಡೆಯಿರಿ. ನಾನು ಓಡಿಹೋಗಿ ಸತ್ಯ ಹೇಳಲಿಲ್ಲ. ಗಂಭೀರವಾಗಿ ನಡೆದು ಹೋಗಿ, "ಸರ್, ಹೊಟ್ಟಿನ್ಯಾಗ ತೇವಾಂಶ ಐತ್ರಿ" ಎಂದೆ. ಹುಳದ ಹೆಸರೆತ್ತದೆ ಕೆಲಸ ಮುಗಿಯಲಿ ಎಂಬ ಜಾಣತನ. ಸಾಹೇಬರು ಹೌಹಾರಿ ಹಾಳೆ ತೆಗೆದರು. "ಇಲ್ಲಿ 'ಒಣ' ಅಂತ ಬರದೈತಲ್ಲ! ಮ್ಯಾಲಿಂದ ನೋಡಿ ಹಸೀದ ತುಂಬ್ಯಾರ. ಇಷ್ಟ ವರ್ಷ ನಿಮ್ಮ ಕೂಡ ಕೆಲಸಾ ಮಾಡಿ ದಸ್ತಗೀರಸಾಬರಿಗಿ ಒಣಾ ಯಾವ್ದು, ಹಸೀ ಯಾವ್ದು ತಿಳೀಲಿಲ್ಲಾ?" ಎಂದು ಮಾಲಕರಿಗೆ ಕೊಡುವ ವರದಿ ಬರೆಯಲು ಕುಳಿತೇಬಿಟ್ಟರು. ನನ್ನ ಜಾಣತನದಿಂದ ಆದದ್ದು ಇಷ್ಟೇ: ಅಲ್ಲಿಯವರೆಗೆ ಬರೀ ಅನುಮಾನವಾಗಿದ್ದ ಚಾಚಾರ ತಪ್ಪು ಈಗ ರುಜುವಾತಾಯಿತು.

ಚಾಚಾರನ್ನು ಪಕ್ಕಕ್ಕೆ ಕರೆದೆ. "ಚಾಚಾ, ದಿನಾ ನೀವೂ ಚಾದರ ಹಿಡೀತಿದ್ರಿ. ಅಲ್ಲೆ ಹಿಂಗ ಮಾಡ್ತಿದ್ದಿವಿ ಅಂತ ಒಂದ ಮಾತ ಯಾಕ ಅನ್ನಲಿಲ್ರಿ?"

"ಹೊಟ್ಟ ಆರತಿತ್ತು ಅಂತ ನನಗೂ ಈಗ ಹೊಳೀತ್ರಿ. ಮೊದಲ ಅದು ನಿಮ್ಮ ಧರ್ಮದ್ದು ಅಂತ ತಿಳದಿದ್ದೆ. ನಿಮ್ಮ ಕೂಡ ನಾನೂ ಮಾಡತಿದ್ದೆ. ಇಲ್ಲಿ ಭಟ್ಟಿ ಕೆಲಸಕ್ಕ ಬಂದೇನಿ, ಭಟ್ಟಿದಷ್ಟ ಮಾಡೇನಿ."

"ಮತ್ತ ಈಗ ಹೊಳದ ಮ್ಯಾಲರೇ ಹೇಳಬೇಕಿತ್ತಲ್ರಿ!"

ಅವರು ನಕ್ಕರು. "ಹೆಂಗ ಹೇಳ್ಲಿ? ನೀವು ಯಾರಿಗೂ ಗೊತ್ತಾಗಬಾರದು ಅಂತ ಇಷ್ಟ ವರ್ಷ ತಕ್ಕಡಿ ಒರಸೀರಿ. ನಾ ಬಾಯಿ ಬಿಟ್ಟರ ಸಾಹೇಬ್ರು ನಿಮ್ಮನ್ನೂ ಪಾನಕಾ ಮಾಡ್ತಾರ. ನಂದೇನು, ಒಂದ ವರ್ಷ ಉಳದೈತಿ. ಬಿಡ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ಬರೆಯಲು ನಾಚಿಕೆಯಿಲ್ಲ. ನನ್ನ ಒಂದು ನಗೆಪಾಟಲಿನ ಅಂಜಿಕೆಗೆ ಆ ಮನುಷ್ಯ ತನ್ನ ಇಡೀ ಜೀವಮಾನದ ಹೆಸರನ್ನು ಕೊಡಲು ತಯಾರಾಗಿ, "ಬಿಡ್ರಿ" ಎನ್ನುತ್ತಿದ್ದರು. ನಾನು ಸೀದಾ ಸಾಹೇಬರ ಮುಂದೆ ಹೋಗಿ ನಿಂತು, "ಸರ್, ಬರಿಯೂದ ನಿಲ್ಲಸ್ರಿ. ಹಾಳೀನ ತಪ್ಪ ಐತಿ. ಅದನ್ನ ತಪ್ಪ ಮಾಡಿದಾಕಿ ನಾನು," ಎಂದೆ. ಚಾದರ, ಬೇವಿನ ಮರ, ಬಿಸಿಲು, ನೆರಳು, ಹುಳ, ಜರಡಿ ಎಲ್ಲ ಹೇಳಿದೆ. ಸಹಿ ಹಾಕುವಾಗ ಬೇಕೆಂದೇ ಬಿಟ್ಟೆ ಎಂಬುದನ್ನೂ ಹೇಳಿದೆ. ಶೇವಂತಾಬಾಯಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು.

ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದರು, "ಅಂದ್ರ ಆ ತಕ್ಕಡಿ?"

"ಅದು ಯಾವಾಗ್ಲೂ ಸ್ವಚ್ಛನ ಇರ್ತಿತ್ರಿ ಸರ್."

ಅವರು ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಅಷ್ಟು ವರ್ಷ ನಾನು ಅಂಜಿದ್ದು ಆ ನಗೆಗೇ. ಬಂದ ಮೇಲೆ ನೋಡಿದರೆ ಅದರಲ್ಲಿ ಅಂಥದ್ದೇನೂ ಇರಲಿಲ್ಲ. ನಕ್ಕು ಮುಗಿಸಿ ಅವರು ಬರೆಯುತ್ತಿದ್ದ ವರದಿಯನ್ನು ನಾಲ್ಕು ತುಂಡು ಮಾಡಿದರು. ಎದ್ದು ಚಾಚಾ ಹತ್ತಿರ ಹೋಗಿ, "ದಸ್ತಗೀರಸಾಬ್, ವಯಸ್ಸಿನ ಮಾತ ನಾ ಆಡಬಾರದಿತ್ತು. ತಪ್ಪಾತು," ಎಂದರು. ಸಾಹೇಬರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಖಾನಾಪುರದ ಆ ಅಂಗಳದಲ್ಲಿ ಶೇವಂತಾಬಾಯಿ ತಂದ ನಾಲ್ಕು ದೊಡ್ಡ ತಾಡಪತ್ರಿ, ಅಂದರೆ ಟಾರ್ಪಾಲು, ಹಾಸಿದೆವು. ಅರ್ಧ ಬಿಸಿಲಿಗೆ, ಅರ್ಧ ಶೆಡ್ಡಿನ ನೆರಳಿಗೆ. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೈಗಡಿಯಾರ ನೋಡುತ್ತ ಕುಳಿತರು. ಅರ್ಧ ತಾಸಿಗೇ ಚಡಪಡಿಕೆ. "ಇನ್ನೂ ಎಷ್ಟೊತ್ತು?" ಚಾಚಾ ಗಂಭೀರವಾಗಿ, "ಒಂದ ಕುಟುಂಬ ಉಳದೈತ್ರಿ, ಹುಡುಗರನ್ನ ಕರಕೊಂಡ ಹೊಂಟಾರ," ಎಂದರು. ಶೇವಂತಾಬಾಯಿ ನಗುತ್ತ ಕುಸಿದು ಕುಳಿತಳು. ಕೊನೆಕೊನೆಗೆ ಸಾಹೇಬರೂ ಬಗ್ಗಿ ಕುಳಿತು, ದಾರಿ ತಪ್ಪಿದ ಒಂದು ಇರುವೆಗೆ ಪೆನ್ನಿನ ತುದಿಯಿಂದ ನೆರಳಿನ ದಾರಿ ತೋರಿಸುತ್ತಿದ್ದರು. ಅದೇ ಕೆಂಪು ಪೆನ್ನು.

ಒಣಗಿದ್ದನ್ನು ತೂಗಿ, ಬೆರೆಸಿ, ಹುರಿದೆವು. ಡ್ರಮ್ಮು ಮುಚ್ಚಿದಂತೆಯೇ ತಣಿಯಲು ಒಂದು ದಿನ ಬಿಟ್ಟೆವು. ತೆರೆದಾಗ ಕಾಡಿಗೆ ಕಪ್ಪು. ದೊಡ್ಡ ಉರುಳೆಯನ್ನು ಚಾಲು ಮಾಡುವ ಮೊದಲು ಚಾಚಾ ಕಿಸೆಯಿಂದ ಲೌಡ್‌ಸ್ಪೀಕರಿನ ಅಯಸ್ಕಾಂತ ತೆಗೆದು ಪುಡಿಯ ಮೇಲೆ ಆಡಿಸಿ ಎತ್ತಿದರು. ಗಡ್ಡ ಗೇಣುದ್ದ ಜೋತು ಬಿತ್ತು. ಅವರು ಅದನ್ನು ಗಲ್ಲದ ಪಕ್ಕ ಹಿಡಿಯಲಿಲ್ಲ. ಸುಮ್ಮನೆ ನೋಡಿದರು. ಆಮೇಲೆ ನನಗೆ ಕೊಟ್ಟು, "ನೀವ ಹೇಳ್ರಿ," ಎಂದರು. "ಪಾಸ್" ಎಂದೆ.

ಹೊಸ ಹಾಳೆ ಬರೆಯುವಾಗ ಸಾಹೇಬರು ತಾವೇ ಕುಳಿತರು. ಮೊದಲ ಹಂತಕ್ಕೆ ಬಿಸಿಲಿನಲ್ಲಿ ಒಣಗಿಸುವುದು, ಜರಡಿ ಹಿಡಿಯುವುದು ಎಂದು ಬರೆದರು. ಚಾಚಾ ಹಿಂದಿನಿಂದ, "ಅರ್ಧ ನೆರಳು ಬರೀರಿ ಸಾಹೇಬ್ರ," ಎಂದರು.

"ನೆರಳಿನ್ಯಾಗ ಏನೂ ಒಣಗೂದಿಲ್ರಿ."

"ಹೌದ್ರಿ. ಬರೀರಿ."

ಸಾಹೇಬರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಬರೆದರು. ಕಾರಣ ಬರೆಯಲಿಲ್ಲ. ಆ ಘಟಕದಲ್ಲಿ ಚಾಚಾ ತಮ್ಮ ವರ್ಷ ಮುಗಿಸಿ, ಹೇಳಿದಂತೆ ಸಲಾಂ ಮಾಡಿ ಮನೆಗೆ ಹೋದರು. ಭಟ್ಟಿ ಕೆಡಿಸಿದ ಎಂದು ಯಾರೂ ಅನ್ನಲಿಲ್ಲ.

ಈಗ ಎಲ್ಲ ಬದಲಾಗಿದೆ. ನಾನು ಸಂಜೆಯವರೆಗೆ ಮಾಡುತ್ತಿದ್ದ ಪರೀಕ್ಷೆಯನ್ನು ಪಿಸ್ತೂಲಿನಂಥ ಒಂದು ಯಂತ್ರ ಗುರಿಯಿಟ್ಟ ಕೂಡಲೇ ಹೇಳುತ್ತದೆ. ಕಾವು ಪರದೆಯ ಮೇಲೆ ಕಾಣುತ್ತದೆ. ಕಳೆದ ತಿಂಗಳು ಕರೆದರೆಂದು ಖಾನಾಪುರಕ್ಕೆ ಹೋಗಿದ್ದೆ. ಚುರುಕಾದ ಹುಡುಗಿಯೊಬ್ಬಳು ಎಂಜಿನಿಯರ್ ಆಗಿದ್ದಾಳೆ. ಹೊಟ್ಟು ಹರಡಿದ್ದ ಅಂಗಳ ತೋರಿಸಿ ನನಗೇ ಪಾಠ ಹೇಳಿದಳು: "ಅರ್ಧ ಬಿಸಲಾಗ, ಅರ್ಧ ನೆರಳಾಗ, ಎರಡ ತಾಸು. ಇದನ್ನ ಬಿಟ್ರ ರಿಸಲ್ಟ್ ಬರಂಗಿಲ್ರಿ ಮೇಡಂ."

"ನೆರಳ ಯಾಕವಾ?" ಎಂದೆ.

"ಗೊತ್ತಿಲ್ರಿ. ಮೊದಲಿಂದ ಹಂಗ ಬರದೈತ್ರಿ. ಒಮ್ಮೇಲೆ ಒಣಗಬಾರದು ಅಂತ ಇರಬೇಕ್ರಿ."

ಬೆಳಗಾವಿಗೆ ಮರಳಿದವಳೇ ಆಟೋ ನಗರದ ಚಹಾ ಅಂಗಡಿಗೆ ಹೋದೆ. ಚಾಚಾ ಮುಂಜಾನೆ ಸಂಜೆ ಅಲ್ಲಿಯೇ ಸಿಗುತ್ತಾರೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಮಾತು ಒಂದಿಷ್ಟೂ ಬೆಳ್ಳಗಾಗಿಲ್ಲ. ನಡೆದದ್ದನ್ನು ಹೇಳಿದೆ. ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಚೆಲ್ಲುವಂತೆ ನಕ್ಕರು. "ಅಕೀಗಿ ಹೇಳಿದ್ರೇನು?" "ಇನ್ನೂ ಇಲ್ಲ" ಎಂದೆ. "ಹೇಳಬ್ಯಾಡ್ರಿ ಬಾಯಾರ," ಎಂದರು, "ಹೇಳಿದ್ರ ನೆರಳ ಬಿಟ್ಟಬಿಡ್ತಾರ."

ಇರಬಹುದು. ಆದರೆ ಒಮ್ಮೆ ಹಾಳೆಯಲ್ಲಿ ಒಂದು ಮಾತು ಹೇಳದೆ ಬಿಟ್ಟು ಏನಾಯಿತೆಂದು ನನಗೆ ಗೊತ್ತಿದೆ, ಇನ್ನೊಮ್ಮೆ ಬಿಡಲಾರೆ. ಆದ್ದರಿಂದ, ಹೊಸದಾಗಿ ಕೆಲಸಕ್ಕೆ ಸೇರಿದವರೇ, ಕೇಳಿ. ಬಿಸಿಲಿನ ಬದಿ ಅದಿರಿಗೆ. ನೆರಳಿನ ಬದಿ ಹುಳಕ್ಕೆ. ನೆರಳಿನಿಂದ ಅದಿರಿಗೆ ಏನೂ ಲಾಭವಿಲ್ಲ, ಯಾವ ಯಂತ್ರ ಗುರಿಯಿಟ್ಟರೂ ಅದು ಕಾಣುವುದಿಲ್ಲ. ಆದರೂ ಬಿಡಬೇಡಿ.